ಅಪ್ಪನ ಪರಿಹಾರದ ದುಡ್ಡು, ಮಕ್ಕಳ ಪಾಲು

ಹೋದ ಸಂಚಿಕೆಯಲ್ಲಿ ಅಪಘಾತ ಪರಿಹಾರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೇ ಇವೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಕಂಡಿತು: ಎಲ್ಲರೂ ಒಂದೇ ಕಡೆ ಎಡವುತ್ತಿದ್ದಾರೆ. ಅಪ್ಪ ಬದುಕಿದ್ದಾಗ ಅವರಿಗೇ ಬರಬೇಕಿದ್ದ ಹಣ ಒಂದು, ಅಪ್ಪ ತೀರಿಕೊಂಡಿದ್ದರಿಂದ ಮನೆಯವರಿಗೆ ಬಂದ ಹಣ ಇನ್ನೊಂದು. ಮೊದಲನೆಯದು ಅಪ್ಪನ ಆಸ್ತಿ, ಹೊಲ ಮನೆ ಹಂಚಿಕೊಳ್ಳುವ ಹಾಗೆಯೇ ಹಂಚಿಕೊಳ್ಳಬೇಕು. ಎರಡನೆಯದರಲ್ಲಿ ಬಹುಪಾಲು ಅಪ್ಪನ ಆಸ್ತಿಯೇ ಅಲ್ಲ, ಅವರ ದುಡಿಮೆ ನಂಬಿಕೊಂಡಿದ್ದವರ ಹೊಟ್ಟೆಬಟ್ಟೆಯ ಲೆಕ್ಕ. ಇದೊಂದು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಜಗಳ ಜಗಳವೇ ಅಲ್ಲ.

ಪ್ರಶ್ನೆ: ಮೇಡಂ, ನನಗೆ ಈಗ 20 ವರ್ಷ, ಡಿಗ್ರಿ ಓದುತ್ತಿದ್ದೇನೆ. ನನಗೆ 11 ಇದ್ದಾಗ ಅಪ್ಪ ಬೈಕಿನಲ್ಲಿ ಬರುವಾಗ ಲಾರಿ ಗುದ್ದಿ ತೀರಿಕೊಂಡರು. ಕೋರ್ಟಿನಲ್ಲಿ ಕೇಸ್ ಆಗಿ ಪರಿಹಾರ ಬಂತು. ಅಮ್ಮನಿಗೆ, ನನಗೆ, ತಮ್ಮನಿಗೆ, ಅಜ್ಜಿಗೆ ಪಾಲು ಮಾಡಿದ್ದರು. ನಮ್ಮಿಬ್ಬರದು ಬ್ಯಾಂಕಿನಲ್ಲಿ ಎಫ್‌ಡಿ ಇದೆ. ಮೂರು ವರ್ಷದ ಹಿಂದೆ ಅಮ್ಮ ಬೇರೆ ಮದುವೆ ಆದರು. ಈಗ ಚಿಕ್ಕಪ್ಪ, ಅಜ್ಜಿ ಇಬ್ಬರೂ ‘ನಿಮ್ಮಮ್ಮ ತಗೊಂಡ ದುಡ್ಡು ವಾಪಸ್ ಕೊಡಬೇಕು, ನಿಮ್ಮ ಎಫ್‌ಡಿ ಕೂಡ ನಮ್ಮ ಮನೆತನದ್ದು, ನನ್ನ ಮಗನ ರಕ್ತದ ದುಡ್ಡು’ ಅನ್ನುತ್ತಾರೆ. ಬ್ಯಾಂಕಿಗೆ ಹೋದರೆ ಕೋರ್ಟ್ ಆರ್ಡರ್ ತನ್ನಿ ಅಂತ ವಾಪಸ್ ಕಳಿಸಿದರು. ಏನು ಮಾಡಲಿ?
(ಹೆಸರು ಬೇಡ, ತಿಪಟೂರು)

ಉತ್ತರ: ನನ್ನ ಮಗಳ ವಯಸ್ಸಿನವಳು, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ?

ಮೊದಲು ಅಜ್ಜಿಯ ಮಾತಿಗೆ ಬರೋಣ. ಮಗ ಹೋದ ಸಂಕಟದಲ್ಲಿ ಆಡಿದ ಮಾತು, ಅದಕ್ಕೆ ಬೆಲೆ ಕೊಡು. ಆದರೆ ಲೆಕ್ಕ ಬೇರೆ. ಪರಿಹಾರವನ್ನು ಕೋರ್ಟು ಹೇಗೆ ಲೆಕ್ಕ ಹಾಕುತ್ತದೆ ಅಂತ ನೋಡಿದರೆ ಈ ಹಣ ಯಾರದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಬ್ಬರಿಗೆ 38 ವರ್ಷ, ಗ್ಯಾರೇಜು ಇಟ್ಟುಕೊಂಡು ತಿಂಗಳಿಗೆ 15,000 ದುಡಿಯುತ್ತಿದ್ದರು ಅಂತ ಇಟ್ಟುಕೋ. ಸ್ವಂತ ದುಡಿಮೆ, 40ರ ಒಳಗಿನ ವಯಸ್ಸು, ಮುಂದೆ ಸಂಪಾದನೆ ಜಾಸ್ತಿ ಆಗುತ್ತಿತ್ತು ಅಂತ ಶೇಕಡಾ 40 ಸೇರಿಸುತ್ತಾರೆ, 21,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸೇರಿ ನಾಲ್ಕು ಜನ ಅವರನ್ನು ನಂಬಿದ್ದರೆ, ಅವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 15,750. ಇದು ಮನೆಗೆ ಕೊಡುತ್ತಿದ್ದ ದುಡ್ಡು. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 15. ಗುಣಿಸಿದರೆ 28,35,000. ಅದರ ಮೇಲೆ ಮಣ್ಣುಮಾಡಿದ ಖರ್ಚು, ಗಂಡನನ್ನೋ ಅಪ್ಪನನ್ನೋ ಕಳೆದುಕೊಂಡದ್ದಕ್ಕೆ ತಲೆಗಿಷ್ಟು ಅಂತ ಸೇರುತ್ತದೆ. ಈ ಲೆಕ್ಕದ ಗುಣಕ ಮತ್ತು ಕಡಿತ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಿಂದ ಬಂದದ್ದು, ಮುಂದಿನ ಸಂಪಾದನೆಯ ಲೆಕ್ಕ 2017ರ ಪ್ರಣಯ್ ಸೇಠಿ ತೀರ್ಪಿನದು. ಅಪ್ಪ ಇಲ್ಲದ ಮಕ್ಕಳಿಗೂ ತಲೆಗಿಷ್ಟು ಅಂತ ಬೇರೆಯಾಗಿ ಕೊಡಬೇಕು ಎಂದು 2018ರಲ್ಲಿ ಅದೇ ಕೋರ್ಟು ಹೇಳಿತು.

ನೋಡಿದೆಯಾ? ಅಪ್ಪನ ಸ್ವಂತದ ಪಾಲನ್ನು ಮೊದಲೇ ಕಳೆದಿದ್ದಾರೆ. ಉಳಿದಿರುವುದೆಲ್ಲ ನಿನ್ನ ಫೀಸು, ತಮ್ಮನ ಸ್ಕೂಲ್ ಬ್ಯಾಗು, ಅಜ್ಜಿಯ ಮಾತ್ರೆ. ಅಜ್ಜಿಗೂ ಇದರಲ್ಲಿ ಪಾಲಿತ್ತು, ಕೊಟ್ಟೂ ಇದ್ದಾರೆ. ಚಿಕ್ಕಪ್ಪನಿಗೆ ಇಲ್ಲ. ಹೆಂಡತಿ ಮಕ್ಕಳು ತಾಯಿ ಇರುವಾಗ ಅಣ್ಣತಮ್ಮಂದಿರು ವಾರಸುದಾರರ ಸಾಲಿಗೇ ಬರುವುದಿಲ್ಲ.

ಅಮ್ಮ ಮದುವೆಯಾದರು ಅಂತ ದುಡ್ಡು ವಾಪಸ್ ಕೇಳುವುದು ಹಳೇ ಕಾಲದ ಮಾತು. ಅಪ್ಪ ಹೋದ ದಿನ ಅವರಿಗೆ ಹುಟ್ಟಿದ ಹಕ್ಕು ತಾಳಿ ಬದಲಾದ ತಕ್ಷಣ ಅಳಿಸಿ ಹೋಗುವುದಿಲ್ಲ. ತೀರ್ಪಿನ ಹಂಚಿಕೆ ಸರಿಯಿಲ್ಲ ಅಂತಿದ್ದರೆ ಆಗಲೇ 90 ದಿನದೊಳಗೆ ಹೈಕೋರ್ಟಿಗೆ ಹೋಗಬೇಕಿತ್ತು. ಇನ್ನೊಂದು, ಅಮ್ಮ ಎಲ್ಲಿದ್ದರೂ ನೀನು ಅಪ್ಪನ ಮಗಳೇ. ಅಪ್ಪನ ಹೊಲ ಮನೆಯಲ್ಲೂ ನಿನಗೆ, ತಮ್ಮನಿಗೆ ಪಾಲಿದೆ, ಅದನ್ನೂ ಮರೆಯಬೇಡ.

ಈಗ ಬ್ಯಾಂಕಿನ ಕಥೆ. ಬ್ಯಾಂಕಿನವರು ಹೇಳಿದ್ದು ಸರಿಯಾಗಿಯೇ ಇದೆ. ಚಿಕ್ಕ ಮಕ್ಕಳ ಪಾಲನ್ನು ಎಫ್‌ಡಿಯಲ್ಲಿ ಇಡಬೇಕು ಅಂತ 1990ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ ಕೈಗೆ ಬಂದ ವಾರದಲ್ಲೇ ಟ್ರ್ಯಾಕ್ಟರ್ ಕೊಂಡ ಮಾವ, ಚೀಟಿ ಕಟ್ಟಿದ ದೊಡ್ಡಪ್ಪ, ಇಂಥವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಆ ಬೀಗ ಇರಲಿ. ತೀರ್ಪು ಕೊಟ್ಟ ಅದೇ ಕೋರ್ಟಿಗೆ ಒಂದು ಅರ್ಜಿ ಹಾಕಬೇಕು. ಎಂವಿಸಿ ಕೇಸ್ ನಂಬರ್ (ಅಪಘಾತದ ಕೇಸಿಗೆ ಕೋರ್ಟು ಕೊಟ್ಟ ನಂಬರ್), ಎಫ್‌ಡಿ ಬಾಂಡಿನ ಪ್ರತಿ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನಿನ್ನ ಹೆಸರಿನ ಪಾಸ್‌ಬುಕ್ ಸಾಕು. ಕೇಸ್ ನಂಬರ್ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಅಮ್ಮನ ಹೆಸರು, ವರ್ಷ ಹಾಕಿ ಹುಡುಕು. ಹಳೇ ವಕೀಲರು ಸಿಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತಮ್ಮನಿಗೆ ಇನ್ನೂ 18 ಆಗಿಲ್ಲದಿದ್ದರೆ ಅವನದು ಹಾಗೇ ಇರಲಿ. ಓದಿಗೆ, ಆಸ್ಪತ್ರೆಗೆ ನಿಜವಾಗಿ ಬೇಕಾದರೆ ಮಧ್ಯದಲ್ಲೂ ಅರ್ಜಿ ಹಾಕಿ ಸ್ವಲ್ಪ ತೆಗೆಸಬಹುದು, ಫೀಸಿನ ರಸೀದಿ ಇಟ್ಟರೆ ಜಡ್ಜ್ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಮತ್ತೆ, ಚಿಕ್ಕಪ್ಪ ಯಾವುದಾದರೂ ಛಾಪಾ ಕಾಗದ ತಂದು ‘ಸುಮ್ನೆ ಒಂದು ಸೈನ್ ಹಾಕು’ ಅಂದರೆ ಹಾಕಬೇಡ.

ಪ್ರಶ್ನೆ: ನಮ್ಮ ತಾಯಿ ನಮ್ಮ ತಂದೆಗೆ ಎರಡನೇ ಹೆಂಡತಿ. ದೊಡ್ಡಮ್ಮ ಇರುವಾಗಲೇ ದೇವಸ್ಥಾನದಲ್ಲಿ ಮದುವೆ ಆಗಿತ್ತು. ತಂದೆ ಲಾರಿ ಡ್ರೈವರ್, ಹೋದ ವರ್ಷ ಅಪಘಾತದಲ್ಲಿ ತೀರಿಕೊಂಡರು. ದೊಡ್ಡಮ್ಮ ತಾವು ಮತ್ತು ತಮ್ಮ ಇಬ್ಬರು ಮಕ್ಕಳು ಮಾತ್ರ ವಾರಸುದಾರರು ಅಂತ ಕೇಸ್ ಹಾಕಿದ್ದಾರಂತೆ. ನಾನು, ನನ್ನ ತಂಗಿ ಲೆಕ್ಕಕ್ಕೇ ಇಲ್ಲ. ನಮಗೆ ಹಕ್ಕಿದೆಯೇ?
(ಗದಗ ಜಿಲ್ಲೆಯ ಓದುಗ)

ಉತ್ತರ: ಇದೆ. ಅಪ್ಪ ಅಮ್ಮನ ಮದುವೆ ಕಾನೂನಿನಲ್ಲಿ ನಿಲ್ಲದಿದ್ದರೂ ಅವರಿಗೆ ಹುಟ್ಟಿದ ಮಕ್ಕಳು ಸಕ್ರಮವೇ ಅಂತ ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಅಪ್ಪನ ಸ್ವಂತ ಆಸ್ತಿಯಲ್ಲಿ ದೊಡ್ಡಮ್ಮನ ಮಕ್ಕಳಿಗೆ ಎಷ್ಟೋ ನಿಮಗೂ ಅಷ್ಟೇ. ಪಿತ್ರಾರ್ಜಿತದ ವಿಷಯದಲ್ಲಿ ಬಹಳ ವರ್ಷ ಗೊಂದಲ ಇತ್ತು. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಕೇಸಿನಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಇಂಥ ಮಕ್ಕಳಿಗೂ ಪಾಲಿದೆ, ಆದರೆ ಅಜ್ಜ, ದೊಡ್ಡಪ್ಪಂದಿರ ಪಾಲಿನಲ್ಲಿ ಇಲ್ಲ.

ಅಪಘಾತದ ಕೇಸಿನಲ್ಲಿ ನಿಮ್ಮ ದಾರಿ ಇನ್ನೂ ಸಲೀಸು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲೇ ಬರೆದಿದ್ದಾರೆ: ಯಾರೋ ಒಬ್ಬರು ಹಾಕಿದ ಅರ್ಜಿ ಎಲ್ಲ ವಾರಸುದಾರರ ಪರವಾಗಿ ಹಾಕಿದ್ದು, ಅರ್ಜಿಯಲ್ಲಿ ಸೇರದವರನ್ನು ಎದುರುದಾರರಾಗಿಯಾದರೂ ಸೇರಿಸಲೇಬೇಕು. ನೀವು ಕೂಡಲೇ ಆ ಕೋರ್ಟಿಗೆ ಹೋಗಿ ನಮ್ಮನ್ನೂ ಸೇರಿಸಿ ಅಂತ ಅರ್ಜಿ ಹಾಕಿ. ಅಪ್ಪನ ಹೆಸರಿರುವ ಸ್ಕೂಲ್ ಟಿಸಿ, ರೇಷನ್ ಕಾರ್ಡ್, ಜನನ ಪತ್ರ, ಫೋನ್‌ಪೇಯಲ್ಲಿ ಅಪ್ಪ ಕಳಿಸುತ್ತಿದ್ದ ದುಡ್ಡಿನ ವಿವರ, ಎಲ್ಲ ಇಡಿ. ಇತ್ತೀಚೆಗೆ ಒಬ್ಬ ಹುಡುಗ ತನ್ನ ಏಳನೇ ಕ್ಲಾಸಿನ ಪ್ರಗತಿ ಪತ್ರ ತಂದಿದ್ದ. ಪೋಷಕರ ಸಹಿ ಅನ್ನುವ ಜಾಗದಲ್ಲಿ ಮೂರು ಕಡೆ ಅಪ್ಪ ಅಂಕುಡೊಂಕಾಗಿ ಸಹಿ ಮಾಡಿದ್ದರು, ಡ್ರೈವಿಂಗ್ ಲೈಸೆನ್ಸಿನ ಸಹಿಗೂ ಅದಕ್ಕೂ ಒಂದು ಗೆರೆ ವ್ಯತ್ಯಾಸ ಇರಲಿಲ್ಲ. ಎದುರು ವಕೀಲರು ಆಮೇಲೆ ‘ನೀನು ಇವರ ಮಗನೇ ಅಲ್ಲ’ ಅನ್ನುವ ಪ್ರಶ್ನೆ ಎತ್ತಲೇ ಇಲ್ಲ.

ತಡ ಮಾಡಬೇಡಿ. ತೀರ್ಪಾಗಿ ದುಡ್ಡು ಬಟವಾಡೆ ಆಗಿಬಿಟ್ಟರೆ ಆಮೇಲೆ ಮೇಲ್ಮನವಿ, ಸಿವಿಲ್ ದಾವೆ ಅಂತ ಉದ್ದ ದಾರಿ. ಲೋಕ ಅದಾಲತ್ತಿನಲ್ಲಿ ರಾಜಿ ಆಗುವ ಮೊದಲೇ ಹೋಗಿ, ಯಾಕೆಂದರೆ ಅದಾಲತ್ತಿನ ತೀರ್ಮಾನದ ಮೇಲೆ ಅಪೀಲೇ ಇಲ್ಲ.

ತಾಯಿಯ ವಿಷಯ ಕಷ್ಟ, ಬಿಡಿಸಿ ಹೇಳುತ್ತೇನೆ. ಮೊದಲ ಹೆಂಡತಿ ಇರುವಾಗ ಆದ ಮದುವೆ, ಹಾಗಾಗಿ ಆಸ್ತಿಯಲ್ಲಿ ಅವರು ವಾರಸುದಾರರಲ್ಲ. ಅಪಘಾತ ಪರಿಹಾರದಲ್ಲಿ ‘ನಾನು ಅವರ ದುಡಿಮೆಯನ್ನೇ ನಂಬಿದ್ದೆ’ ಅಂತ ಕೇಳಬಹುದು. 2021ರಲ್ಲಿ ಸುಪ್ರೀಂ ಕೋರ್ಟ್ ಅಳಿಯನ ಮನೆಯಲ್ಲೇ ಇದ್ದ ಅತ್ತೆಯನ್ನೂ ಈ ಕಾಯ್ದೆಯ ಮಟ್ಟಿಗೆ ವಾರಸುದಾರಳು ಅಂತ ಒಪ್ಪಿದೆ. ಆದರೆ ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲಾರೆ.

ಪ್ರಶ್ನೆ: 2023ರಲ್ಲಿ ನಮ್ಮ ತಂದೆಗೆ ಅಪಘಾತವಾಗಿ ಕಾಲಿಗೆ ರಾಡ್ ಹಾಕಿದ್ದರು. ಪರಿಹಾರದ ಕೇಸ್ ನಡೆಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ‘ಅವರೇ ಇಲ್ಲ ಅಂದಮೇಲೆ ಕೇಸ್ ಮುಗೀತು’ ಅಂತ ವಕೀಲರ ಆಫೀಸಿನ ಗುಮಾಸ್ತರು ಹೇಳಿದರು. ಹೌದೇ? ಅಜ್ಜಿ, ಅಮ್ಮ, ನಾನು, ಮದುವೆಯಾದ ಅಕ್ಕ ಇದ್ದೇವೆ.
(ಒಬ್ಬ ಮಗ, ಚನ್ನರಾಯಪಟ್ಟಣ)

ಉತ್ತರ: ಗುಮಾಸ್ತರು ಹೇಳಿದ್ದು ಹಳೇ ಕಾನೂನು. ಮನುಷ್ಯ ಹೋದರೆ ಅವನ ಮೈನೋವಿನ ಕೇಸೂ ಅವನ ಜೊತೆಗೇ ಹೋಯಿತು ಅನ್ನುವ ನಿಯಮ ಇತ್ತು. ಆಗಲೂ ಚಿಕಿತ್ಸೆಯ ಖರ್ಚು, ಕಳೆದುಕೊಂಡ ದುಡಿಮೆಯಂಥ ನಷ್ಟವನ್ನು ವಾರಸುದಾರರು ಕೇಳಬಹುದಿತ್ತು. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಗೆ ಹೊಸ ಸಾಲು ಸೇರಿದೆ: ಗಾಯಾಳು ಯಾವ ಕಾರಣಕ್ಕೆ ತೀರಿಕೊಂಡರೂ, ಅಪಘಾತಕ್ಕೂ ಸಾವಿಗೂ ಸಂಬಂಧವೇ ಇಲ್ಲದಿದ್ದರೂ, ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ. ನಿಮ್ಮ ತಂದೆಯ ಅಪಘಾತ 2023ರದು, ಅನುಮಾನವೇ ಬೇಡ.

ಆದರೆ ಗಡಿಯಾರ ಓಡುತ್ತಿದೆ. ಸಿವಿಲ್ ಕೇಸುಗಳಲ್ಲಿ ಸತ್ತವರ ಜಾಗಕ್ಕೆ ವಾರಸುದಾರರು ಬರಲು 90 ದಿನ. ಅದು ದಾಟಿದರೆ ಕೇಸ್ ಬಿದ್ದುಹೋಗುತ್ತದೆ, ಬಿದ್ದದ್ದನ್ನು ಎತ್ತಿಸಲು ಇನ್ನೂ 60 ದಿನ. ನಿಮಗೆ ನಾಲ್ಕು ತಿಂಗಳಾಗಿದೆ, ಅಂದರೆ ಸುಮಾರು ಒಂದು ತಿಂಗಳು ಕೈಯಲ್ಲಿದೆ. ಅದೂ ದಾಟಿದರೆ ತಡವಾಗಿದ್ದಕ್ಕೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಅಲ್ಲಿಯವರೆಗೆ ಯಾಕೆ ಬಿಡಬೇಕು? ಅಪಘಾತದ ನ್ಯಾಯಮಂಡಳಿಯಲ್ಲೂ ಇದೇ ಲೆಕ್ಕ ಇಟ್ಟುಕೊಂಡು ಈ ವಾರವೇ ಹೋಗಿ. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಾಲ್ವರ ಆಧಾರ್, ಹೊಸ ವಕಾಲತ್ತು.

ಇಲ್ಲಿ ಮೇಲೆ ಹೇಳಿದ ವ್ಯತ್ಯಾಸ ನೋಡಿ. ಇದು ತಂದೆ ತಮಗಾಗಿ ಕೇಳಿದ್ದ ಹಣ, ಹಾಗಾಗಿ ಅವರ ಆಸ್ತಿ. ಯಾರು ಅವರನ್ನು ನಂಬಿದ್ದರು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಜ್ಜಿ, ಅಮ್ಮ, ನೀವು, ಅಕ್ಕ, ತಲಾ ಕಾಲು ಭಾಗ. ಅಕ್ಕನಿಗೆ ಮದುವೆ ಆಗಿದೆ ಅಂತ ಒಂದು ರೂಪಾಯಿಯೂ ಕಡಿಮೆ ಇಲ್ಲ. (ಮುಸ್ಲಿಂ ಓದುಗರ ಮನೆಯಲ್ಲಿ ಈ ಲೆಕ್ಕ ಬೇರೆ, ಅಲ್ಲಿ ಮಗಳಿಗೆ ಒಂದಾದರೆ ಮಗನಿಗೆ ಎರಡು.)

ಒಂದು ಮಾತು ಕೇಳಿಬಿಡುತ್ತೇನೆ. ರಾಡ್ ಹಾಕಿದ ಜಾಗ ಕೀವಾಗಿ, ಮಲಗಿದಲ್ಲೇ ಮಲಗಿ ಆರೋಗ್ಯ ಕೆಟ್ಟಿತ್ತೇ? ಹಾಗಿದ್ದರೆ ಆಸ್ಪತ್ರೆಯ ಕಾಗದಗಳನ್ನೆಲ್ಲ ವಕೀಲರಿಗೆ ತೋರಿಸಿ. ಸಾವಿಗೆ ಅಪಘಾತವೇ ಕಾರಣ ಅಂತ ವೈದ್ಯರು ಸಾಕ್ಷಿ ಹೇಳಿದರೆ ಸಾವಿನ ಪರಿಹಾರವನ್ನೇ ಕೇಳಬಹುದು, ಮೊತ್ತ ತುಂಬಾ ಜಾಸ್ತಿ.

ಪ್ರಶ್ನೆ: ನಾವು ಇಬ್ಬರು ಅಣ್ಣಂದಿರು, ಇಬ್ಬರು ಅಕ್ಕತಂಗಿಯರು. ಅಪ್ಪ 2001ರಲ್ಲಿ ಹೋದರು, ಅವ್ವನೂ ಈಗಿಲ್ಲ. ಅಜ್ಜನ ಕಾಲದ ಹೊಲ, ವಾಟಣಿ (ಪಾಲು ಹಂಚಿಕೆ) ಆಗಿರಲಿಲ್ಲ. ಅಣ್ಣಂದಿರ ಹೆಸರಿಗೆ ಪೋತಿ ಖಾತೆ ಆಗಿತ್ತು. ಈಗ ಕೃಷ್ಣಾ ಮೇಲ್ದಂಡೆ ಯೋಜನೆಗೆ ಹೊಲ ಹೋಗಿ ಪರಿಹಾರ ಬರುತ್ತಿದೆ. ‘ಅಪ್ಪ 2005ಕ್ಕಿಂತ ಮೊದಲೇ ಸತ್ತಾರ, ನಿಮಗ ಪಾಲಿಲ್ಲ’ ಅಂತಾರ ಅಣ್ಣಂದಿರು.
(ಬಾಗಲಕೋಟೆ ಜಿಲ್ಲೆಯ ತಂಗಿ)

ಉತ್ತರ: ನಿಮ್ಮ ಅಣ್ಣಂದಿರು ಪೂರ್ತಿ ಸುಳ್ಳು ಹೇಳಿಲ್ಲ, ಸುಮಾರು ಐದು ವರ್ಷ ಆ ಮಾತು ನಿಜವೂ ಆಗಿತ್ತು. 2005ರ ಸೆಪ್ಟೆಂಬರ್ 9ರಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ಅವತ್ತು ಅಪ್ಪ ಬದುಕಿರಬೇಕು ಅಂತ ನಮ್ಮ ರಾಜ್ಯದ್ದೇ ಆದ ಫೂಲಾವತಿ ಕೇಸಿನಲ್ಲಿ 2015ರಲ್ಲಿ ತೀರ್ಪು ಬಂದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಇದ್ದರೂ ಇಲ್ಲದಿದ್ದರೂ ಒಂದೇ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ವಾಟಣಿ ಆಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ, ನಿಮ್ಮಲ್ಲಿ ಆಗಿಲ್ಲ ಅಂತೀರಿ. ಹಾಗಾದರೆ ನಾಲ್ವರಿಗೂ ಸಮಪಾಲು. ಭೂಮಿ ಹೋಗಿ ದುಡ್ಡಾಯಿತು ಅಷ್ಟೇ, ಹಕ್ಕು ದುಡ್ಡಿನ ಹಿಂದೆಯೇ ಬರುತ್ತದೆ. ಪೋತಿ ಖಾತೆ ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ, ಅದರಿಂದ ಯಾರೂ ಮಾಲೀಕರಾಗುವುದಿಲ್ಲ.

ನಾಳೆಯೇ ಭೂಸ್ವಾಧೀನಾಧಿಕಾರಿ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಡಿ, ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಬಿದ್ದ ಹಾಳೆ ಮುಂದೆ ಬಂಗಾರ. ಪಾಲಿನ ತಗಾದೆ ಇದೆ ಅಂತ ಗೊತ್ತಾದರೆ ಅಧಿಕಾರಿ ಅದನ್ನು ತೀರ್ಮಾನಕ್ಕೆ ಕಳಿಸಬಹುದು. ಅಷ್ಟರಲ್ಲಿ ಅಣ್ಣಂದಿರು ಹಣ ತೆಗೆದುಕೊಂಡಿದ್ದರೂ ಮುಗಿಯಲಿಲ್ಲ, ಪರಿಹಾರ ಪಡೆದವನು ನಿಜವಾದ ಹಕ್ಕುದಾರನಿಗೆ ಅವನ ಪಾಲು ಕೊಡಬೇಕು ಅಂತ ಭೂಸ್ವಾಧೀನ ಕಾಯ್ದೆಯೇ ಹೇಳುತ್ತದೆ. ಪಾಲಿನ ದಾವೆ ಹಾಕಿ, ಉಳಿದ ಹಣಕ್ಕೆ ತಡೆಯಾಜ್ಞೆ ಕೇಳಿ.

ಪಂಚಮಿಗೆ ಕರೆದು, ಉಂಡಿ ಕೊಟ್ಟು, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಿಮ್ಮ ಕಡೆ ಇದೆ, ನಮ್ಮ ಕಡೆಯೂ ಇದೆ. ಸೀರೆ ಉಡಿ, ಉಂಡಿ ತಿನ್ನಿ, ಕಾಗದ ಮನೆಗೆ ತಂದು ಓದಿಸಿ.

ಪ್ರಶ್ನೆ: ಅಪ್ಪನ ಪರಿಹಾರದ ಹಣ ಅವರ ಖಾತೆಗೆ ಬಿದ್ದ ಮೇಲೆ ಅವರು ತೀರಿಕೊಂಡರು. ನಾಮಿನಿ ಚಿಕ್ಕಪ್ಪ. ಎಲ್ಲ ಅವರಿಗೇನಾ?
(ಕಾರ್ಕಳ)

ಉತ್ತರ: ಅಲ್ಲ. ನಾಮಿನಿ ಅಂದರೆ ಬ್ಯಾಂಕಿನಿಂದ ಹಣ ಇಸಿದುಕೊಳ್ಳುವ ಕೈ. ವಾರಸುದಾರರಿಗೆ ಕೊಡಬೇಕು. ಎಲ್‌ಐಸಿ ಪಾಲಿಸಿಯ ವಿಷಯದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಚಿಕ್ಕಪ್ಪ ಇನ್ನೂ ಹಣ ತೆಗೆದಿಲ್ಲದಿದ್ದರೆ ಬ್ಯಾಂಕಿಗೆ ಬರೆದುಕೊಡಿ, ಆದರೆ ಬರೀ ಪತ್ರಕ್ಕೆ ಬ್ಯಾಂಕು ನಿಲ್ಲುವುದಿಲ್ಲ, ತಡೆಯಾಜ್ಞೆಯೂ ಬೇಕು.

ಪ್ರಶ್ನೆ: ಅಪ್ಪ ಕೈಸಾಲ ಮಾಡಿದ್ದರು. ಅವರ ಸಾವಿಗೆ ಪರಿಹಾರ ಬಂದಿದ್ದು ಗೊತ್ತಾಗಿ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದಾರೆ.
(ಕೆ.ಆರ್. ಪೇಟೆ)

ಉತ್ತರ: ಅಪ್ಪ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಮಕ್ಕಳು ಸಾಲಕ್ಕೆ ಹೊಣೆ. ನಿಮ್ಮ ಅವಲಂಬನೆ ತಪ್ಪಿದ್ದಕ್ಕೆ ಬಂದ ಹಣ ಅಪ್ಪ ಬಿಟ್ಟುಹೋದದ್ದಲ್ಲ. ಮರ್ಯಾದೆಯಿಂದ ‘ಕೋರ್ಟಿಗೆ ಹೋಗಿ’ ಅನ್ನಿ. ತೀರಿಸಬೇಕು ಅಂತ ನಿಮಗೇ ಅನಿಸಿದರೆ ಅದು ನಿಮ್ಮಿಷ್ಟ, ಆದರೆ ಚಿಕ್ಕ ತಮ್ಮ ತಂಗಿಯರ ಪಾಲಿಗೆ ಕೈ ಹಾಕಬೇಡಿ.

ಪ್ರಶ್ನೆ: ನನಗೆ ಕೆಲಸ ಇದೆ. ಅಪ್ಪನ ಅಪಘಾತದ ಪರಿಹಾರದಲ್ಲಿ ನನಗೆ ಪಾಲು ಬೇಡ, ಎಲ್ಲ ಅಮ್ಮನಿಗೇ ಹೋಗಲಿ. ಕೇಸಿನಿಂದ ನನ್ನ ಹೆಸರು ತೆಗೆಸಲೇ?
(ಒಬ್ಬ ಮಗ, ಬೆಂಗಳೂರು)

ಉತ್ತರ: ತೆಗೆಸಬೇಡಿ. ದುಡಿಯುವ ಮಗನೂ, ಮದುವೆಯಾದ ಮಗಳೂ ಅರ್ಜಿದಾರರಾಗಬಹುದು, ನೀವಿದ್ದರೆ ತಲೆ ಲೆಕ್ಕದ ಮೊತ್ತವೂ ಸೇರುತ್ತದೆ. ಹೆಸರು ಇರಲಿ, ಹಂಚಿಕೆಯ ಹೊತ್ತಿಗೆ ‘ನನ್ನ ಪಾಲು ತಾಯಿಗೆ ಕೊಡಿ, ನನ್ನ ಅಭ್ಯಂತರ ಇಲ್ಲ’ ಅಂತ ಒಂದು ಮೆಮೋ ಹಾಕಿ. ನಿಮಗೆ 18 ದಾಟಿದೆ, ಹಾಗಾಗಿ ಇದು ನಡೆಯುತ್ತದೆ. ಚಿಕ್ಕ ತಂಗಿ ಇದ್ದರೆ ಅವಳ ಪರವಾಗಿ ಹೀಗೆ ಬರೆದುಕೊಡಲು ನಿಮಗೂ ಆಗದು, ಅಮ್ಮನಿಗೂ ಆಗದು. ಮೆಮೋ ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ಕೋರ್ಟ್ ಹಾಲಿನಲ್ಲಿ ಥಟ್ಟನೆ ಕೇಳಿ ಅತ್ತುಬಿಟ್ಟ ತಾಯಂದಿರನ್ನು ನೋಡಿದ್ದೇನೆ, ಆಮೇಲೆ ಜಡ್ಜ್ ‘ಯಾಕಮ್ಮ, ಬಲವಂತ ಮಾಡಿದ್ದಾರಾ?’ ಅಂತ ಕೇಳಿ ಕೇಸನ್ನು ಮುಂದಿನ ತಾರೀಖಿಗೆ ಹಾಕಿದ್ದೂ ಉಂಟು.